ಕುಗ್ಗಿದ ವಿಮಾನ, ಕುಗ್ಗದ ಗಾಳಿ

ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ 11.23 ಮೀಟರ್. ಅದನ್ನು ಐದನೇ ಒಂದರಷ್ಟಕ್ಕೆ ಇಳಿಸಿ ಮಾದರಿ ಕಟ್ಟಿದರೆ ಸುಮಾರು ಎರಡೂಕಾಲು ಮೀಟರ್. ರೆಕ್ಕೆ ಬಿಚ್ಚಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗಬಹುದು. ಬಯಲಿಗೆ ಹೋದಮೇಲೆ ರೆಕ್ಕೆ ಜೋಡಿಸಿ, ಎಂಜಿನ್ ಚಾಲೂ ಮಾಡಿ, ಕೈಯಲ್ಲಿ ಹಿಡಿದ ರೇಡಿಯೊ ಪೆಟ್ಟಿಗೆಯ ಎರಡು ಕಡ್ಡಿಗಳನ್ನು ಅತ್ತಿತ್ತ ಆಡಿಸುತ್ತ ಹಾರಿಸಬಹುದು. ನೋಡುವವರಿಗೆ ಇದು ದೊಡ್ಡವರ ಆಟಿಕೆ. ಆದರೆ ಕಟ್ಟಲು ಕುಳಿತವರಿಗೆ ಮೊದಲ ದಿನವೇ ಎದುರಾಗುವ ಪ್ರಶ್ನೆ ಆಟದ್ದಲ್ಲ. ವಿಮಾನವನ್ನೇನೋ ಐದು ಪಾಲು ಚಿಕ್ಕದು ಮಾಡಬಹುದು, ಅದು ಹಾರಬೇಕಾದ ಗಾಳಿಯನ್ನು ಚಿಕ್ಕದು ಮಾಡುವುದು ಹೇಗೆ?

ಲೆಕ್ಕ ಹೀಗಿದೆ. ಉದ್ದ ಐದನೇ ಒಂದಕ್ಕೆ ಇಳಿದರೆ ರೆಕ್ಕೆಯ ವಿಸ್ತೀರ್ಣ ಇಪ್ಪತ್ತೈದನೇ ಒಂದಕ್ಕೆ ಇಳಿಯುತ್ತದೆ. ಗಾತ್ರ, ಅದರೊಂದಿಗೆ ತೂಕ, ನೂರಿಪ್ಪತ್ತೈದನೇ ಒಂದಕ್ಕೆ. ಆರಂಭದ ಸ್ಪಿಟ್‌ಫೈರ್ ಇಂಧನ, ಮದ್ದುಗುಂಡು ತುಂಬಿಕೊಂಡು ಹೊರಟಾಗ ಸುಮಾರು 2,600 ಕಿಲೋ ತೂಗುತ್ತಿತ್ತು. 125ರಿಂದ ಭಾಗಿಸಿದರೆ ಹೆಚ್ಚುಕಡಿಮೆ 21 ಕಿಲೋ. ಅಷ್ಟು ತೂಕದ ಮಾದರಿಯೂ ಹಾರುತ್ತದೆ. ಆದರೆ ಗಾಳಿಯಲ್ಲಿ ನಿಲ್ಲಲು ಅದಕ್ಕೆ ಮೂಲ ವಿಮಾನದ ವೇಗದ ಅರ್ಧದ ಹತ್ತಿರ ಬೇಕಾಗುತ್ತದೆ. ನಮ್ಮ ಕಣ್ಣಿಗೆ ಈ ಲೆಕ್ಕ ಒಪ್ಪುವುದಿಲ್ಲ. ವಿಮಾನ ಒಂದು ಕ್ಷಣದಲ್ಲಿ ತನ್ನ ಉದ್ದದ ಎಷ್ಟು ಪಟ್ಟು ದೂರ ಹೋಯಿತು ಎಂಬುದರಿಂದಲೇ ಕಣ್ಣು ವೇಗವನ್ನು ಅಳೆಯುವುದು. ಐದನೇ ಒಂದರಷ್ಟಿರುವ ವಿಮಾನ ಐದನೇ ಒಂದರಷ್ಟು ವೇಗದಲ್ಲಿ ಹೋದರೆ ಮಾತ್ರ ಅಸಲಿಯಂತೆ ಕಾಣುತ್ತದೆ. ಅದಕ್ಕಿಂತ ಜೋರಾದರೆ ರೊಚ್ಚಿಗೆದ್ದ ನೊಣದಂತೆ ಕಾಣುತ್ತದೆ. ಸಿನಿಮಾದವರು ಪುಟ್ಟ ಮಾದರಿಗಳನ್ನು ಚಿತ್ರೀಕರಿಸುವಾಗ ಕ್ಯಾಮೆರಾವನ್ನು ವೇಗವಾಗಿ ಓಡಿಸಿ, ಪರದೆಯ ಮೇಲೆ ನಿಧಾನವಾಗಿ ತೋರಿಸುವುದು ಇದೇ ಕಾರಣಕ್ಕೆ. ಬಯಲಿನಲ್ಲಿ ನಿಂತು ನೋಡುವವರಿಗೆ ಆ ಸವಲತ್ತಿಲ್ಲ.

ಹಾಗಾದರೆ ನಮ್ಮ ಸ್ಪಿಟ್‌ಫೈರ್ ಐದನೇ ಒಂದು ವೇಗದಲ್ಲೇ ತೇಲಬೇಕಾದರೆ ಎಷ್ಟು ತೂಗಬೇಕು? ಮೂಲ ತೂಕವನ್ನು 125ರಿಂದಲ್ಲ, 625ರಿಂದ ಭಾಗಿಸಬೇಕು. ಅಂದರೆ ನಾಲ್ಕು ಕಿಲೋ ಮತ್ತಿಷ್ಟು. ಅಷ್ಟು ಹಗುರಾಗಿ, ಆದರೂ ಎಂಜಿನ್ನಿನ ನಡುಕ ಮತ್ತು ನೆಲಕ್ಕಿಳಿಯುವ ಹೊಡೆತ ತಾಳುವಂತೆ ಕಟ್ಟುವುದು ಬಹುಮಟ್ಟಿಗೆ ಆಗದ ಮಾತು. ಆದ್ದರಿಂದ ಈ ಗಾತ್ರದ ಮಾದರಿಗಳು ಸಾಮಾನ್ಯವಾಗಿ ಏಳೆಂಟು ಕಿಲೋ ತೂಗುತ್ತವೆ. ಪುಸ್ತಕದ ಲೆಕ್ಕ ಕೇಳುವ 21ಕ್ಕೂ, ಕಣ್ಣು ಕೇಳುವ ನಾಲ್ಕಕ್ಕೂ ನಡುವೆ ಆದ ರಾಜಿ ಅದು. ನೋಟದಲ್ಲಿ ಮೂಲಕ್ಕೆ ನಿಷ್ಠವಾಗಿರಲು ಒಳಗೊಳಗೆ ಮೂಲಕ್ಕೆ ಎಷ್ಟು ತಪ್ಪಿ ನಡೆಯಬೇಕು ಎಂಬುದೇ ಈ ಹವ್ಯಾಸದ ನಿಜವಾದ ವಿದ್ಯೆ.

ತಪ್ಪಿ ನಡೆಯಬೇಕಾದ ಇನ್ನೊಂದು ಜಾಗ ರೆಕ್ಕೆಯ ತುದಿ. ಆರ್.ಜೆ. ಮಿಚೆಲ್ ಅವರ ತಂಡ ರೂಪಿಸಿ 1936ರ ಮಾರ್ಚ್ 5ರಂದು ಮೊದಲು ಹಾರಿದ ಸ್ಪಿಟ್‌ಫೈರ್‌ಗೆ ಚೆಲುವು ಬಂದಿರುವುದೇ ಅದರ ಅಂಡಾಕೃತಿಯ ರೆಕ್ಕೆಯಿಂದ. ತುದಿಗೆ ಹೋದಂತೆ ಅದು ಕಿರಿದಾಗುತ್ತ ಚೂಪಾಗುತ್ತದೆ. ಗಾಳಿಗೂ ಒಂದು ಬಗೆಯ ಅಂಟುತನವಿದೆ. ದೊಡ್ಡ ರೆಕ್ಕೆಗೆ ಅದು ಲೆಕ್ಕಕ್ಕಿಲ್ಲ. ಮೂರು-ನಾಲ್ಕು ಬೆರಳಗಲದ ತುದಿಗೆ ಅದೇ ಗಾಳಿ ಪಾಕದಷ್ಟು ಮಂದ. ನಿಧಾನವಾಗಿ ಹಾರುವಾಗ ಮೊದಲು ಸೋಲುವುದು ಈ ತುದಿ. ಒಂದು ಕಡೆಯ ತುದಿ ಎತ್ತುವ ಶಕ್ತಿ ಕಳೆದುಕೊಂಡರೆ ವಿಮಾನ ಆ ಕಡೆಗೆ ಮಗುಚುತ್ತದೆ. ಎತ್ತರದಲ್ಲಾದರೆ ಸರಿಪಡಿಸಿಕೊಳ್ಳಬಹುದು. ಆದರೆ ಇದು ಹೆಚ್ಚಾಗಿ ಆಗುವುದು ಇಳಿಯಲು ತಿರುಗುವಾಗ, ತೆಂಗಿನಮರದೆತ್ತರದಲ್ಲಿ. ಆದಕಾರಣ ಕಟ್ಟುವವರು ರೆಕ್ಕೆಯ ತುದಿಯನ್ನು ಎರಡು-ಮೂರು ಡಿಗ್ರಿ ಮುಂದಕ್ಕೆ ಬಾಗುವಂತೆ ತಿರುಚುತ್ತಾರೆ. ಅಸಲಿ ಸ್ಪಿಟ್‌ಫೈರ್‌ನಲ್ಲೂ ಈ ತಿರುಚು ಇತ್ತು. ಕೆಲವು ಮಾದರಿಗಳಲ್ಲಿ ಬಾಲದ ಅಡ್ಡರೆಕ್ಕೆಯನ್ನೂ ತುಸು ದೊಡ್ಡದು ಮಾಡುವುದುಂಟು. ಗೊತ್ತಿಲ್ಲದವರ ಕಣ್ಣಿಗೆ ಇದು ಬೀಳುವುದಿಲ್ಲ.

ಬಾಲ್ಸಾ ಮತ್ತು ಯಲಹಂಕ

ಇಂದು ಥರ್ಮೋಕೋಲಿನ ಅಣ್ಣತಮ್ಮನಂತಹ ಫೋಮ್‌ನಲ್ಲಿ ಎರಕಹೊಯ್ದ, ಪೆಟ್ಟಿಗೆ ಬಿಚ್ಚಿ ಸಂಜೆಗೇ ಹಾರಿಸಬಹುದಾದ ವಿಮಾನಗಳು ಸಿಗುತ್ತವೆ. ಆದರೂ ನಕ್ಷೆ ಹಾಸಿ, ಕಡ್ಡಿ ಕೊಯ್ದು ಕಟ್ಟುವವರು ಹೋಗಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳ ಎಫ್4ಸಿ ಎಂಬ ವರ್ಗದಲ್ಲಂತೂ ಹಾರಿಸುವವರೇ ಕಟ್ಟಿರಬೇಕೆಂಬ ನಿಯಮ ಬಹುಕಾಲದಿಂದ ಇದೆ. ಮೊದಲು ತೀರ್ಪುಗಾರರು ಮೂಲ ವಿಮಾನದ ಚಿತ್ರಗಳನ್ನಿಟ್ಟುಕೊಂಡು ನೆಲದ ಮೇಲೆ ತಾಳೆ ನೋಡುತ್ತಾರೆ. ಆಮೇಲೆ ಹಾರಾಟ ಎಷ್ಟು ಸಹಜವಾಗಿ ಕಂಡಿತೆಂದು ಅಂಕ ಕೊಡುತ್ತಾರೆ.

ಕಟ್ಟುವವರ ಮೆಚ್ಚಿನ ಮರ ಬಾಲ್ಸಾ. ಹೆಚ್ಚಾಗಿ ಬರುವುದು ದಕ್ಷಿಣ ಅಮೆರಿಕದ ಎಕ್ವೆಡಾರ್‌ನಿಂದ. ನಮ್ಮ ಬೂರುಗದ ಬಳಗಕ್ಕೆ ಸೇರಿದ ಈ ಮರ ತೇಗದ ಕಾಲುಭಾಗದಷ್ಟೂ ತೂಗುವುದಿಲ್ಲ. ಬ್ಲೇಡಿನಲ್ಲಿ ಬೆಣ್ಣೆಯಂತೆ ಕೊಯ್ಯಬಹುದು. ಸಮತಟ್ಟಾದ ಹಲಗೆಯ ಮೇಲೆ ನಕ್ಷೆ, ಅದರ ಮೇಲೆ ಮೇಣದ ಕಾಗದ, ಅದರ ಮೇಲೆ ಗುಂಡುಸೂಜಿಯಲ್ಲಿ ಚುಚ್ಚಿ ನಿಲ್ಲಿಸಿದ ಪಕ್ಕೆಲುಬುಗಳು. ಅಸ್ಥಿಪಂಜರ ಆದಮೇಲೆ ಮೇಲೊಂದು ತೆಳು ಬಾಲ್ಸಾ ಹೊದಿಕೆ, ಅದರ ಮೇಲೆ ನವಿರಾದ ಗಾಜಿನ ನಾರಿನ ಬಟ್ಟೆ, ಬಣ್ಣ. ಲೋಹದ ತಗಡುಗಳ ಸಂದು, ರಿವೆಟ್ಟುಗಳನ್ನು ತೋರಿಸಲು ಸಿರಿಂಜಿನಲ್ಲಿ ಗೋಂದಿನ ಚುಕ್ಕಿ ಇಡುತ್ತ ಹೋಗುವವರಿದ್ದಾರೆ. ಸಾವಿರಗಟ್ಟಲೆ ಚುಕ್ಕಿ! ಇಂಥ ಒಂದು ವಿಮಾನ ಮುಗಿಯಲು ವರ್ಷ ಹಿಡಿದರೆ ಅಚ್ಚರಿಯಿಲ್ಲ.

ಬಾಲ್ಸಾ ಬರೀ ಆಟಿಕೆಯ ಮರವೆಂದು ತಿಳಿಯಬೇಕಿಲ್ಲ. 1940ರ ನವೆಂಬರ್‌ನಲ್ಲಿ ಮೊದಲು ಹಾರಿದ ಬ್ರಿಟನ್ನಿನ ಮಸ್ಕಿಟೊ ಬಾಂಬರ್ ವಿಮಾನದ ಒಡಲನ್ನು ಎರಡು ಪದರ ಬರ್ಚ್ ಪ್ಲೈವುಡ್ಡಿನ ನಡುವೆ ಬಾಲ್ಸಾ ಇಟ್ಟು, ಅಚ್ಚಿನ ಮೇಲೆ ಅಂಟಿಸಿ ಮಾಡುತ್ತಿದ್ದರು. ಕಡಲೆಬೀಜದ ಸಿಪ್ಪೆಯಂತೆ ಎರಡು ಹೋಳು; ಒಳಗೆ ತಂತಿ, ಕೊಳವೆ ಎಲ್ಲ ಕೂರಿಸಿ ಆಮೇಲೆ ಹೋಳುಗಳನ್ನು ಕೂಡಿಸುವುದು. 1944ರಲ್ಲಿ ಬರ್ಮಾ ಯುದ್ಧಕ್ಕೆಂದು ಬಂದ ಬ್ರಿಟಿಷ್ ವಾಯುಪಡೆಯ ತುಕಡಿಗಳು ಈ ಮರದ ವಿಮಾನವನ್ನು ಹಾರಿಸಲು ಕಲಿತದ್ದು ನಮ್ಮ ಯಲಹಂಕದಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಭಾರತದಲ್ಲಿದ್ದ ಮಸ್ಕಿಟೊಗಳು ಹಾರಾಟದಲ್ಲೇ ಮುರಿದು ಬಿದ್ದವು. ಇದ್ದಬದ್ದ ವಿಮಾನಗಳನ್ನೆಲ್ಲ ನೆಲಕ್ಕೆ ಕಟ್ಟಿಹಾಕಿ ತಪಾಸಣೆ ಮಾಡಬೇಕಾಯಿತು. ತಯಾರಕರ ಕಡೆಯವರು ಇಲ್ಲಿನ ಮಳೆಗಾಲದ ಹವೆಯ ಮೇಲೆ ಹೊಣೆ ಹೊರಿಸಿದರು. ಅನಂತರದ ತನಿಖೆಗಳು ಬೇರೆಯೇ ಹೇಳಿದವು: ರೆಕ್ಕೆಯ ಹೊದಿಕೆ ಮತ್ತು ಒಳಗಿನ ತೊಲೆ ಸರಿಯಾಗಿ ಕೂಡಿರಲಿಲ್ಲ, ಅಂಟಿನ ಜಾಗದಲ್ಲಿ ಸಂದುಗಳಿದ್ದವು, ತಪ್ಪು ಕಾರ್ಖಾನೆಯದು.

ಮಾದರಿ ಕಟ್ಟುವವರು ಎಂಜಿನ್ ಕೂರುವ ಹಲಗೆಗೆ, ರೆಕ್ಕೆಯ ತೊಲೆಗೆ ಬೇಗ ಒಣಗುವ ಅಂಟು ಹಾಕದೆ, ರಾತ್ರಿಯಿಡೀ ಕಾಯಬೇಕಾದ ಎಪಾಕ್ಸಿಯನ್ನೇ ಹಾಕುವುದು ಈ ಭಯಕ್ಕೆ. ಬಣ್ಣ ಬಳಿದ ಮೇಲೆ ಒಳಗಿನ ಸಂದು ಯಾರಿಗೂ ಕಾಣುವುದಿಲ್ಲ.

ಮೂಗಿಗೆ ಸೀಸ

ಕಟ್ಟಿ ಮುಗಿದ ಸ್ಪಿಟ್‌ಫೈರ್‌ಗೆ ಕೊನೆಗೆ ಮಾಡುವ ಕೆಲಸ ಸ್ವಲ್ಪ ಹೊಟ್ಟೆ ಉರಿಸುವಂಥದ್ದು. ಗ್ರಾಂ ಗ್ರಾಂ ಉಳಿಸಿ ಕಟ್ಟಿದ ವಿಮಾನದ ಮೂಗಿಗೆ ಸೀಸ ತುರುಕಬೇಕು. ಅಸಲಿ ವಿಮಾನದ ಮೂಗಿನಲ್ಲಿ 600 ಕಿಲೋಗೂ ಮಿಕ್ಕಿದ ಮರ್ಲಿನ್ ಎಂಜಿನ್ ಕೂತಿತ್ತು. ಮೂಗಿನ ಉದ್ದ, ಬಾಲದ ಉದ್ದ ಎಲ್ಲ ಅದಕ್ಕೆ ತಕ್ಕಂತೆ. ಮಾದರಿಯ ಎಂಜಿನ್ ಆ ಪ್ರಮಾಣದಲ್ಲಿ ತೂಗುವುದೇ ಇಲ್ಲ. ರೆಕ್ಕೆಯ ಕೆಳಗೆ, ಮುಂಚೂಣಿ ಅಂಚಿನಿಂದ ಅಗಲದ ಕಾಲುಭಾಗದಿಂದ ಮೂರನೇ ಒಂದರೊಳಗೆ, ಎರಡು ಬೆರಳಿಟ್ಟು ಎತ್ತಿದರೆ ವಿಮಾನ ತಕ್ಕಡಿಯಂತೆ ಸಮವಾಗಿ ನಿಲ್ಲಬೇಕು. ಮೂಗು ಭಾರವಾದರೆ ವಿಮಾನ ಸೋಮಾರಿಯಾಗುತ್ತದೆ, ಅಷ್ಟೇ. ಬಾಲ ಭಾರವಾದರೆ ಹಿಡಿತಕ್ಕೇ ಸಿಗುವುದಿಲ್ಲ. ಮೇಲೆದ್ದ ಕೂಡಲೇ ಮೂಗೆತ್ತಿ ನಿಂತು ಹಿಂದಕ್ಕೆ ಬೀಳುತ್ತದೆ. ಮೂಗು ಗಿಡ್ಡವಾದ ವಿಮಾನಗಳಲ್ಲಿ ಬಾಲದ ಹತ್ತಿರ ಹೆಚ್ಚುವರಿಯಾಗಿ ಹತ್ತು ಗ್ರಾಂ ಬಣ್ಣ ಬಳಿದರೆ ಮುಂದೆ ಇಪ್ಪತ್ತೋ ಮೂವತ್ತೋ ಗ್ರಾಂ ಸೀಸದ ದಂಡ ತೆರಬೇಕು.

ಎಂಜಿನ್ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ. ಹಳಬರ ಎಂಜಿನ್‌ಗಳು ಮೆಥನಾಲ್ ಕುಡಿಯುತ್ತವೆ, ಎಣ್ಣೆಯಾಗಿ ಹರಳೆಣ್ಣೆ ಬೆರೆಸುವುದುಂಟು. ಮೊದಲ ಮಹಾಯುದ್ಧದ ವಿಮಾನಗಳೂ ಹರಳೆಣ್ಣೆಯ ಹೊಗೆ ಉಗುಳುತ್ತಿದ್ದವು. ಈಗ ಹೆಚ್ಚಿನವರು ವಿದ್ಯುತ್ ಮೋಟಾರು, ಲಿಥಿಯಂ ಪಾಲಿಮರ್ ಬ್ಯಾಟರಿಗೆ ಬಂದಿದ್ದಾರೆ. ಹೊಗೆಯಿಲ್ಲ, ಗಲಾಟೆಯಿಲ್ಲ. ಆದರೆ ಬ್ಯಾಟರಿ ಸಿಕ್ಕಿಸಿದ ಗಳಿಗೆಯಿಂದ ಪ್ರೊಪೆಲ್ಲರ್ ಯಾವಾಗ ಬೇಕಾದರೂ ತಿರುಗೀತು ಎಂಬ ಎಚ್ಚರ ಇರಬೇಕು. ಬೆರಳು ಕಳೆದುಕೊಳ್ಳಲು ಅರೆಕ್ಷಣ ಸಾಕು. ಚಾರ್ಜಿಗೆ ಹಾಕಿ ಊಟಕ್ಕೆ ಹೋಗುವುದೂ ಸಲ್ಲದು. ಅತಿಯಾಗಿ ತುಂಬಿದರೆ ಆ ಬ್ಯಾಟರಿಗಳು ಹೊತ್ತಿ ಉರಿಯುತ್ತವೆ.

ಎಡ ಯಾವುದು, ಬಲ ಯಾವುದು

ಹಾರುವ ಮುನ್ನ ಮಾಡುವ ಹೊಂದಾಣಿಕೆಯ ಕೆಲಸ ನೋಡಲು ಏನೂ ಅಲ್ಲ. ಪೆಟ್ಟಿಗೆಯ ಕಡ್ಡಿ ಅಲುಗಿಸಿದರೆ ಅದರ ಸಂಜ್ಞೆ ವಿಮಾನದೊಳಗಿನ ರಿಸೀವರ್‌ಗೆ ಮುಟ್ಟುತ್ತದೆ. ಅದು ಸರ್ವೊ ಎಂಬ ಪುಟ್ಟ ಮೋಟಾರುಗಳನ್ನು ಅಷ್ಟೇ ಪ್ರಮಾಣದಲ್ಲಿ ತಿರುಗಿಸುತ್ತದೆ. ರೆಕ್ಕೆಯ ಹಿಂದಂಚಿನ ಐಲೆರಾನ್ ವಿಮಾನವನ್ನು ಪಕ್ಕಕ್ಕೆ ವಾಲಿಸಲು, ಬಾಲದ ಎಲಿವೇಟರ್ ಮೂಗು ಏರಿಳಿಸಲು, ರಡ್ಡರ್ ಮೂಗನ್ನು ಅಕ್ಕಪಕ್ಕ ತಿರುಗಿಸಲು, ಥ್ರಾಟಲ್ ಎಂಜಿನ್ನಿಗೆ. ಯುದ್ಧವಿಮಾನವಾದರೆ ಇವುಗಳ ಜೊತೆಗೆ ಫ್ಲ್ಯಾಪು, ಮಡಚುವ ಚಕ್ರ. ಪ್ರತಿಯೊಂದೂ ಎಷ್ಟು ಮಿಲಿಮೀಟರ್ ಆಡಬೇಕೆಂದು ಅಳೆದು ಇಡಬೇಕು. ಹೆಚ್ಚಾದರೆ ವಿಮಾನ ಕುಣಿಯುತ್ತದೆ.

ಎಲ್ಲಕ್ಕಿಂತ ಮಿಗಿಲಾದ ತಪಾಸಣೆ ಎಳೆಯ ಮಗುವೂ ಮಾಡುವಂಥದ್ದು: ಬಲಕ್ಕೆ ಎಂದರೆ ಬಲ ರೆಕ್ಕೆಯ ಐಲೆರಾನ್ ಮೇಲಕ್ಕೆ ಏಳುತ್ತದೆಯೇ? ಸರ್ವೊ ತಿರುವುಮುರುವಾಗಿ ಜೋಡಣೆಯಾಗಿದ್ದರೆ ಬಲಕ್ಕೆ ಎಂದಾಗ ವಿಮಾನ ಎಡಕ್ಕೆ ವಾಲುತ್ತದೆ. ಗಾಬರಿಯಲ್ಲಿ ಇನ್ನಷ್ಟು ಬಲಕ್ಕೆ ಒತ್ತಿದರೆ ಇನ್ನಷ್ಟು ಎಡಕ್ಕೆ. ವರ್ಷದ ದುಡಿಮೆ ಮೂರು ಸೆಕೆಂಡಿನಲ್ಲಿ ಕಡ್ಡಿಪುಡಿ. ಇದು ಹವ್ಯಾಸಿಗಳ ಅಜಾಗರೂಕತೆ ಎಂದು ನಗುವಂತಿಲ್ಲ. ಲ್ಯಾಂಕಾಸ್ಟರ್ ಬಾಂಬರ್‌ನ ವಿನ್ಯಾಸಕ ರಾಯ್ ಚಾಡ್ವಿಕ್ 1947ರ ಆಗಸ್ಟ್ 23ರಂದು ಇಂಗ್ಲೆಂಡಿನ ವುಡ್‌ಫರ್ಡ್‌ನಲ್ಲಿ ಸತ್ತದ್ದು ತಮ್ಮದೇ ತಂಡದ ಟ್ಯೂಡರ್ ವಿಮಾನದ ಪರೀಕ್ಷಾ ಹಾರಾಟದಲ್ಲಿ. ರಿಪೇರಿಯ ನಂತರ ಐಲೆರಾನ್ ತಂತಿಗಳನ್ನು ಅದಲುಬದಲು ಜೋಡಿಸಲಾಗಿತ್ತು. ಹೊರಡುವ ಮುನ್ನ ಯಾರಾದರೂ ರೆಕ್ಕೆಯ ಕಡೆ ತಿರುಗಿ ನೋಡಿದ್ದರೆ ಸಾಕಿತ್ತು.

ಕಡ್ಡಿ ಎಷ್ಟು ಆಡಿತೋ ಅಷ್ಟೇ ಆಡುವ ಈ ವ್ಯವಸ್ಥೆ ಬಂದದ್ದು 1960ರ ದಶಕದಲ್ಲಿ. ಅದಕ್ಕೆ ಮೊದಲು ಒಂದೇ ಗುಂಡಿ. ಒಮ್ಮೆ ಒತ್ತಿದರೆ ಬಲ, ಎರಡು ಸಲ ಒತ್ತಿದರೆ ಎಡ, ಒಳಗೆ ರಡ್ಡರ್ ತಿರುಗಿಸಲು ಸುರುಳಿ ಸುತ್ತಿದ ರಬ್ಬರ್! ಅಮೆರಿಕದ ಅವಳಿ ಸಹೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ 1937ರಲ್ಲಿ ಹಾರಿಸಿದ ‘ಗಫ್’ ಎಂಬ ರೇಡಿಯೊ ನಿಯಂತ್ರಿತ ಮಾದರಿ ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಈ ಶತಮಾನದ ಆರಂಭದವರೆಗೂ ಬಯಲಿನಲ್ಲಿ ಇಬ್ಬರು ಒಂದೇ ತರಂಗಾಂತರದಲ್ಲಿ ಪೆಟ್ಟಿಗೆ ಚಾಲೂ ಮಾಡಿದರೆ ಮೇಲಿದ್ದ ವಿಮಾನ ಬಿತ್ತೆಂದೇ ಲೆಕ್ಕ. ಆದ್ದರಿಂದ ಹಲಗೆಯ ಮೇಲೆ ತಮ್ಮ ಸಂಖ್ಯೆಯ ಗೂಟ ಸಿಕ್ಕಿಸಿಯೇ ಚಾಲೂ ಮಾಡುವ ಪದ್ಧತಿಯಿತ್ತು. 2.4 ಗಿಗಾಹರ್ಟ್ಸ್‌ನ ಹೊಸ ಪೆಟ್ಟಿಗೆಗಳು ಆ ಗೂಟಗಳನ್ನು ಕಿತ್ತುಹಾಕಿದವು.

ಆಟಿಕೆಗೂ ಯುದ್ಧಕ್ಕೂ ಇರುವ ನಂಟು ಒಮ್ಮುಖದ್ದಲ್ಲ. ಯುದ್ಧವಿಮಾನ ನೋಡಿ ಆಟಿಕೆ ಮಾಡಿದಂತೆ ಆಟಿಕೆಯಿಂದ ಯುದ್ಧಸಾಮಗ್ರಿಯೂ ಹುಟ್ಟಿದೆ. ರೆಜಿನಾಲ್ಡ್ ಡೆನ್ನಿ ಹಾಲಿವುಡ್ಡಿನ ನಟ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುದಳದಲ್ಲಿದ್ದವರು. 1930ರ ದಶಕದಲ್ಲಿ ಮಾದರಿ ವಿಮಾನಗಳ ಅಂಗಡಿ ತೆರೆದರು. ವಿಮಾನ ಹೊಡೆಯಲು ಕಲಿಯುವ ಗುಂಡುಗಾರರಿಗೆ ಗುರಿಯಾಗಿ ದೊಡ್ಡ ಮಾದರಿಗಳನ್ನೇ ಹಾರಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. ಅವರ ರೇಡಿಯೊಪ್ಲೇನ್ ಕಂಪೆನಿ ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಸೇನೆಗೆ ಸುಮಾರು 15,000 ಇಂಥ ಗುರಿವಿಮಾನಗಳನ್ನು ಒದಗಿಸಿತ್ತು. ಯುದ್ಧದ ಕೊನೆಯ ದಿನಗಳಲ್ಲಿ ಅಲ್ಲಿಗೆ ಬಂದ ಸೇನೆಯ ಛಾಯಾಗ್ರಾಹಕನ ಕಣ್ಣಿಗೆ ಬಿದ್ದ ಕಾರ್ಮಿಕಳೊಬ್ಬಳು ಮುಂದೆ ಮರ್ಲಿನ್ ಮನ್ರೋ ಆದಳು. ಬ್ರಿಟನ್ನಿನವರು 1935ರಲ್ಲೇ ಟೈಗರ್ ಮಾತ್ ವಿಮಾನದ ನಂಟಿನ ‘ಕ್ವೀನ್ ಬೀ’ಯನ್ನು ಚಾಲಕನಿಲ್ಲದೆ ಹಾರಿಸಿದ್ದರು. ಹೆಸರಿನ ಅರ್ಥ ರಾಣಿಜೇನು. ಗಂಡುಜೇನಿಗೆ ಇಂಗ್ಲಿಷಿನಲ್ಲಿರುವ ಡ್ರೋನ್ ಎಂಬ ಹೆಸರು ಚಾಲಕರಹಿತ ವಿಮಾನಗಳಿಗೆ ಅಂಟಿದ್ದು ಇದರಿಂದಲೇ ಎನ್ನುತ್ತಾರೆ. ಬೆಂಗಳೂರಿನ ಎಡಿಇ ಪ್ರಯೋಗಾಲಯ ನಮ್ಮ ಸೇನೆಗೆ ರೂಪಿಸಿದ ‘ಲಕ್ಷ್ಯ’ ಕೂಡ ಇದೇ ವಂಶದ ಗುರಿವಿಮಾನ.

ಹಾರಾಟ

ಇಷ್ಟೆಲ್ಲ ಆಗಿ ವಿಮಾನ ಬಯಲಿಗೆ ಬಂತು. ಥ್ರಾಟಲ್ಲನ್ನು ಒಮ್ಮೆಲೇ ತಳ್ಳಿದರೆ ಕೆಲಸ ಕೆಟ್ಟಿತು. ಪ್ರೊಪೆಲ್ಲರ್ ಒಂದು ಕಡೆಗೆ ತಿರುಗುವ ರಭಸಕ್ಕೆ ವಿಮಾನ ಎಡಕ್ಕೆ ಎಳೆಯುತ್ತದೆ. ಸ್ಪಿಟ್‌ಫೈರ್‌ನ ಚಕ್ರಗಳು ಬೇರೆ ಒಂದಕ್ಕೊಂದು ಹತ್ತಿರ. ಸ್ವಲ್ಪ ವಾಲಿದರೂ ರೆಕ್ಕೆ ನೆಲಕ್ಕೆ ಉಜ್ಜುತ್ತದೆ. ಥ್ರಾಟಲ್ ಮೆಲ್ಲಗೆ ಏರಿಸುತ್ತ, ರಡ್ಡರನ್ನು ಬಲಕ್ಕೆ ಒತ್ತಿ ಹಿಡಿದು, ಬಾಲ ತಾನಾಗಿ ಏಳುವವರೆಗೆ ಕಾಯಬೇಕು. ಯುದ್ಧಕಾಲದ ಚಾಲಕರು ಎದುರಿಸಿದ ತಾಪತ್ರಯ ಇದೇ. ಗಾಳಿ ಕುಗ್ಗದಿರುವಂತೆ ಇದೂ ಕುಗ್ಗಿಲ್ಲ.

ಒಂದು ತಾಪತ್ರಯ ಮಾತ್ರ ನೆಲದಲ್ಲಿ ನಿಂತವರಿಗೇ ಮೀಸಲು. ವಿಮಾನ ದೂರ ಹೋಗುವಾಗ ಅದರ ಬಲ ನಮ್ಮ ಬಲ. ತಿರುಗಿ ನಮ್ಮ ಕಡೆಗೆ ಬಂದರೆ ಅದರ ಬಲ ನಮ್ಮ ಎಡ. ಹೊಸಬರು ವಿಮಾನ ಕೆಡವುವುದು ಬಹುತೇಕ ಇಲ್ಲೇ. ಅವರಿಗೆ ಹೇಳಿಕೊಡುವ ಉಪಾಯ ಸರಳ: ವಿಮಾನ ಎದುರಿಗೆ ಬರುವಾಗ ಯಾವ ಕಡೆಯ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಕಡ್ಡಿ ಒತ್ತು, ಬೀಳುವ ಗೋಡೆಗೆ ಊರುಗೋಲು ಕೊಟ್ಟಂತೆ. ಎಂಜಿನ್ ನಿಂತರೆ ಮೂಗು ತಗ್ಗಿಸಿ ವೇಗ ಉಳಿಸಿಕೊ, ಎದುರಿಗೆ ಸಿಕ್ಕಲ್ಲಿ ಇಳಿಸು, ಓಡುದಾರಿಗೆ ತಿರುಗಿಸುವ ಆಸೆ ಬೇಡ. ತಿರುಗಿಸಲು ಹೋದಾಗಲೇ ಆ ಚೆಲುವಾದ ರೆಕ್ಕೆಯ ತುದಿ ಕೈಕೊಡುವುದು. ಎಂಟು ಕಿಲೋದ ವಸ್ತು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುವಾಗ ಅದರ ದಾರಿಯಲ್ಲಿ ಜನ ಇರಬಾರದು. ಮದುವೆ ಮನೆ, ಜಾತ್ರೆ ಬಯಲು, ಶಾಲೆಯ ಮೈದಾನ ಇದಕ್ಕಲ್ಲ.

2021ರ ಡ್ರೋನ್ ನಿಯಮಗಳು 25 ಕಿಲೋ ಮೀರದ, ಕಣ್ಣಳತೆಯೊಳಗೆ ಕಲಿಕೆ, ಸಂಶೋಧನೆ, ಮನರಂಜನೆಗಷ್ಟೇ ಹಾರಿಸುವ ವಿಮಾನಗಳನ್ನು ‘ಮಾದರಿ’ ಎಂದು ಬೇರೆಯಾಗಿ ಗುರುತಿಸಿವೆ. ಆದರೆ ಎಲ್ಲಿ ಹಾರಿಸಬಹುದೆಂಬ ಹಸಿರು, ಹಳದಿ, ಕೆಂಪು ವಲಯಗಳ ನಕ್ಷೆ ಇವುಗಳಿಗೂ ಅನ್ವಯ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ನಾಲ್ಕು ಕಡೆ ವಿಮಾನ ನೆಲೆಗಳಿರುವ ಬೆಂಗಳೂರಿನಲ್ಲಿ ಜಾಗ ಹುಡುಕುವುದು ವಿಮಾನ ಕಟ್ಟುವುದಕ್ಕಿಂತ ಸಲೀಸಲ್ಲ. ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳಿಗಾದರೆ ಏರೋಮಾಡೆಲಿಂಗ್ ತರಬೇತಿಯ ಭಾಗವಾಗಿಯೇ ಸಿಗುತ್ತದೆ.

ಇದೇ ಬೆಂಗಳೂರಿನಲ್ಲಿ ಒಮ್ಮೆ ಗಾಳಿಯ ತಕರಾರೇ ಇಲ್ಲದ ಯುದ್ಧವಿಮಾನದ ಮಾದರಿಯೊಂದು ಹಾರಿತ್ತು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ‘ಮಾರುತ್’ ಜೆಟ್ ಯುದ್ಧವಿಮಾನವನ್ನು ರೂಪಿಸುತ್ತಿದ್ದ ಕಾಲ. ಲೋಹಕ್ಕೆ ಕೈಹಾಕುವ ಮುನ್ನ ಆಕಾರ ಸರಿಯಿದೆಯೇ ಎಂದು ನೋಡಲು ಮರದಲ್ಲಿ ಒಂದು ಮಾದರಿ ಕಟ್ಟಿದರು. ಐದನೇ ಒಂದಲ್ಲ, ಹತ್ತನೇ ಒಂದಲ್ಲ, ಪೂರ್ತಿ ಗಾತ್ರದ್ದೇ. ಕುಗ್ಗಿಸಿರಲಿಲ್ಲವಾದ್ದರಿಂದ ಗಾಳಿ ಹೇಳಿದ್ದನ್ನು ಹಾಗೆಯೇ ನಂಬಬಹುದಿತ್ತು. ಎಂಜಿನ್ ಇಲ್ಲದ ಆ ಗ್ಲೈಡರನ್ನು 1959ರಲ್ಲಿ ಡಕೋಟಾ ವಿಮಾನ ಹಗ್ಗ ಕಟ್ಟಿ ಎಳೆದೊಯ್ದು ಮೇಲೆ ಬಿಡುತ್ತಿತ್ತು; ಒಳಗೆ ಕೂತ ಚಾಲಕರು ತೇಲಿಸಿಕೊಂಡು ಇಳಿಸುತ್ತಿದ್ದರು. ಎರಡು ವರ್ಷದ ನಂತರ, 1961ರ ಜೂನ್ 17ರಂದು, ವಿಂಗ್ ಕಮಾಂಡರ್ ಸುರಂಜನ್ ದಾಸ್ ಮೊದಲ ಮಾರುತ್ ಹಾರಿಸಿದರು. 1970ರ ಜನವರಿಯಲ್ಲಿ ಇನ್ನೊಂದು ಮಾರುತ್‌ನ ಪರೀಕ್ಷೆಯಲ್ಲೇ ಅವರು ತೀರಿಕೊಂಡರು. ಬೆಂಗಳೂರಿನ ರಸ್ತೆಯೊಂದಕ್ಕೆ ಅವರ ಹೆಸರಿದೆ. ಒಟ್ಟು 147 ಮಾರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ಕಾದಾಡಿದವು, 1990ರ ಹೊತ್ತಿಗೆ ಸೇವೆಯಿಂದ ಹೊರಬಿದ್ದವು.

ಉಳಿದ ಮಾರುತ್‌ಗಳು ಈಗ ವಸ್ತುಸಂಗ್ರಹಾಲಯಗಳ ಅಂಗಳದಲ್ಲಿ ನಿಂತಿವೆ. ಎಚ್‌ಎಎಲ್ ಸಂಗ್ರಹಾಲಯದಲ್ಲಿ ಟೇಪು ಹಿಡಿದು ಸುತ್ತಿ ಬಂದರೂ ಅಳತೆಗಳೇನೋ ಸಿಕ್ಕಾವು. ಆದರೆ ಅದು ಹಾರುವುದನ್ನು ಕಾಣಬೇಕೆಂದರೆ ಯಾರಾದರೂ ಕಟ್ಟಿಯೇ ಹಾರಿಸಬೇಕು. ಕಟ್ಟುವವರಿಗೆ ಸುಲಭದ ವಿಮಾನವಲ್ಲ ಅದು. ರೆಕ್ಕೆ ತೆಳು, ಹಿಂದಕ್ಕೆ ಬಾಗಿದ್ದು. ತುದಿ ಸೋಲುವ ಚಾಳಿ ಅಂಥ ರೆಕ್ಕೆಗೆ ಇನ್ನೂ ಹೆಚ್ಚು. ಎರಡು ಎಂಜಿನ್‌ಗಳೂ ಒಡಲಿನ ಹಿಂಭಾಗದಲ್ಲಿ, ಅಕ್ಕಪಕ್ಕ. ಮೂಗಿನಲ್ಲಿ ಸೀಸಕ್ಕೆ ಜಾಗ ಬಿಟ್ಟುಕೊಂಡೇ ನಕ್ಷೆ ಬರೆಯಲು ಕೂರಬೇಕು.